ಗುಂಡ್ಲುಪೇಟೆ ದಾರಿಯಲ್ಲಿ ಒಂದು ಸ್ಪಿಟ್‌ಫೈರ್

ಚಾಮರಾಜನಗರದ ರಿಪೇರಿ ಕೆಲಸದವರು ಬೆಳಿಗ್ಗೆ ಬೇಗ ಬಾಗಿಲು ತೆಗೆಯುತ್ತಾರೆ. ಕರಿಕಲ್ಲಿನ ಕ್ವಾರಿಗೆ ಹೋಗುವ ಟಿಪ್ಪರ್, ಕಬ್ಬು ಅರಿಶಿನ ಹೊರುವ ಟ್ರ್ಯಾಕ್ಟರ್, ದಿಂಬಂ ಘಾಟಿ ಇಳಿದು ಕೊಯಮತ್ತೂರಿನ ಕಡೆ ಹೋಗಬೇಕಾದ ಲಾರಿ, ಎಲ್ಲಕ್ಕೂ ಬಿಸಿಲೇರುವ ಮೊದಲೇ ಹೊರಡುವ ಆತುರ. ಸತ್ಯಮಂಗಲ ರಸ್ತೆಯ ಆಸುಪಾಸಿನ ಅಂಥದೊಂದು ವರ್ಕ್‌ಶಾಪಿಗೆ ಹೋದಾಗ ತಗಡಿನ ಚಪ್ಪರದಡಿ, ಎರಡು ಟ್ರ್ಯಾಕ್ಟರುಗಳ ನಡುವೆ, ಎದೆಯೆತ್ತರಕ್ಕೂ ಬಾರದ ಕೆಂಪು ಕಾರೊಂದು ಜಾಕಿಯ ಮೇಲೆ ನಿಂತಿತ್ತು. ಟ್ರಯಂಫ್ ಸ್ಪಿಟ್‌ಫೈರ್, ಮಾರ್ಕ್ 2, 1965ರದು. ಇಂಗ್ಲೆಂಡಿನ ಕೋವೆಂಟ್ರಿಯಲ್ಲಿ ತಯಾರಾದ, ಇಬ್ಬರೇ ಕೂರಬಹುದಾದ, ಟಾಪು ಮಡಚಿಡಬಹುದಾದ ಸ್ಪೋರ್ಟ್ಸ್ ಕಾರು.

ಕಾರಿನ ಯಜಮಾನರು ನನ್ನ ಗೆಳೆಯರು, ಮೈಸೂರಿನವರು. ಅವರ ಊರಿನಲ್ಲಿ ಮಿರಮಿರ ಮಿಂಚುವ ಸರ್ವಿಸ್ ಸೆಂಟರುಗಳಿಗೆ ಕೊರತೆಯಿಲ್ಲ. ಅಲ್ಲಿಗೆ ಒಯ್ದರೆ ಹುಡುಗರು ಕಂಪ್ಯೂಟರಿನ ವೈರು ಚುಚ್ಚುವುದಕ್ಕೆ ಜಾಗ ಹುಡುಕುತ್ತಾರೆ. ಈ ಕಾರಿನಲ್ಲಿ ಅಂಥ ಜಾಗವೇ ಇಲ್ಲ. ಆದ್ದರಿಂದ ಮಳೆಗಾಲಕ್ಕೆ ಮುಂಚೆ ಅವರು ಕಾರನ್ನು ಇಲ್ಲಿನ ಮೇಸ್ತ್ರಿಯ ಬಳಿಗೆ ತರುತ್ತಾರೆ. ಕೆಲಸ ಮುಗಿದ ಮೇಲೆ ಗುಂಡ್ಲುಪೇಟೆಯವರೆಗೆ, ಅಲ್ಲಿಂದ ಕಾಡಿನ ಅಂಚಿನವರೆಗೆ ಓಡಿಸಿ ನೋಡುವುದು ವಾಡಿಕೆ. ಈ ಸಲ ಆ ದಾರಿಗೆ ನಾನೂ ಜೊತೆಯಾದೆ.

ಸ್ಪಿಟ್‌ಫೈರ್ ಕಾರಿನ ಬಾನೆಟ್ಟು ನಮ್ಮ ಇವತ್ತಿನ ಕಾರುಗಳಂತೆ ಹಿಂದಕ್ಕೆ ಏಳುವುದಿಲ್ಲ. ಹೆಡ್‌ಲೈಟು, ಎರಡೂ ಕಡೆಯ ಮಡ್‌ಗಾರ್ಡು ಸಮೇತ ಇಡೀ ಮೂತಿ ಮುಂದಕ್ಕೆ ಮಗುಚಿಕೊಳ್ಳುತ್ತದೆ. ಮುಂದಿನ ಚಕ್ರದ ಟೈರಿನ ಮೇಲೆ ಕುಳಿತು, ಇಂಜಿನ್ನಿನ ಯಾವ ಭಾಗಕ್ಕೂ ಕೈಯಾಡಿಸಬಹುದು. ಎಪ್ಪತ್ತರ ಹತ್ತಿರದ ಮೇಸ್ತ್ರಿ ಹಾಗೆಯೇ ಕುಳಿತಿದ್ದರು. ಹೊಸ ಕಾರುಗಳಲ್ಲಿ ಒಂದು ಬಲ್ಬ್ ಬದಲಿಸಲು ಬಂಪರ್ ಬಿಚ್ಚಬೇಕಾದ ಸ್ಥಿತಿ ನೋಡಿದವರಿಗೆ ಈ ಏರ್ಪಾಡಿನ ಬೆಲೆ ತಿಳಿಯುತ್ತದೆ. ರಿಪೇರಿ ಮಾಡುವವನ ಬೆನ್ನು, ಮೊಣಕಾಲು ನೆನಪಿಟ್ಟುಕೊಂಡು ಮಾಡಿದ ಕಾರು ಇದು.

"ಇದು ನಮ್ಮ ಹೆರಾಲ್ಡಿನ ತಮ್ಮ ಕಣ್ ಸಾ. ಅಣ್ಣನ್ನ ಬಿಚ್ಚಿ ಕಟ್ಟಿದವ್ರಿಗೆ ತಮ್ಮ ಏನ್ ಭಾರಾನಾ?" ಎಂದರು ಮೇಸ್ತ್ರಿ.

ಅವರ ಮಾತು ಅಕ್ಷರಶಃ ನಿಜ. ಮದರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಕಂಪನಿ 1961ರಿಂದ ಸುಮಾರು ಹತ್ತು ವರ್ಷ ವಂಡಲೂರಿನ ಕಾರ್ಖಾನೆಯಲ್ಲಿ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರನ್ನು ತಯಾರಿಸಿತು. ಅದು ಇಂಗ್ಲೆಂಡಿನ ಟ್ರಯಂಫ್ ಹೆರಾಲ್ಡಿನದೇ ಅಚ್ಚು. ಇಟಲಿಯ ಜೊವಾನ್ನಿ ಮಿಕೆಲೊಟ್ಟಿ ಅದರ ರೂಪ ಕೊಟ್ಟವರು. ಅದೇ ಮಿಕೆಲೊಟ್ಟಿ, ಹೆರಾಲ್ಡಿನ ಚಾಸಿಯನ್ನೇ ಗಿಡ್ಡ ಮಾಡಿಸಿ, ಮೇಲೆ ತಗ್ಗಾದ ಹಗುರ ಮೈ ಕೂರಿಸಿದಾಗ ಹುಟ್ಟಿದ್ದು ಸ್ಪಿಟ್‌ಫೈರ್. ಅದು ಮಾರುಕಟ್ಟೆಗೆ ಬಂದದ್ದು 1962ರಲ್ಲಿ, ನಿಂತದ್ದು 1980ರಲ್ಲಿ. ಅಷ್ಟರಲ್ಲಿ 3 ಲಕ್ಷಕ್ಕೂ ಹೆಚ್ಚು ಕಾರುಗಳು ತಯಾರಾಗಿದ್ದವು. ಮುಂದಿನ ಸಸ್ಪೆನ್ಷನ್, ಸ್ಟೇರಿಂಗ್, ಹಿಂದಿನ ಅಡ್ಡ ಲೀಫ್ ಸ್ಪ್ರಿಂಗ್ ಎಲ್ಲವೂ ಹೆರಾಲ್ಡಿನ ವಂಶದವೇ. ಇಂಜಿನ್ ಕೂಡ ಒಂದೇ ಮನೆಯದು. ನಮ್ಮ ಹೆರಾಲ್ಡಿನದು 948 ಸಿಸಿ, ಈ ಕಾರಿನದು 1147 ಸಿಸಿ. ಸ್ಟ್ರೋಕ್ ಎರಡಕ್ಕೂ 76 ಮಿಲಿಮೀಟರ್, ಬೋರ್ ಮಾತ್ರ 63ರಿಂದ 69.3ಕ್ಕೆ ಹಿಗ್ಗಿದೆ. ಒಂದರ ಬದಲು ಎರಡು ಕಾರ್ಬೊರೇಟರ್. ಹೀಗಾಗಿ, ವಿದೇಶಿ ಕಾರು ಎಂದು ನಾವು ದೂರದಿಂದ ನೋಡುವ ಈ ಬಂಡಿಯ ಅರ್ಧ ವಿದ್ಯೆ ನಮ್ಮ ಊರುಗಳ ಹಳೆಯ ಮೇಸ್ತ್ರಿಗಳ ಕೈಯಲ್ಲಿ ಮೊದಲೇ ಇತ್ತು.

ಇದು ಟ್ರಯಂಫ್ ಒಂದರ ಕಥೆಯಲ್ಲ. ಎಂಜಿ ಕಂಪನಿಯ ಎಂಜಿಎ ಸ್ಪೋರ್ಟ್ಸ್ ಕಾರಿನ ಮೊದಲ ಇಂಜಿನ್ 1489 ಸಿಸಿಯ ಬಿ ಸೀರೀಸ್. ನಮ್ಮ ಅಂಬಾಸಡರ್ ದಶಕಗಳ ಕಾಲ ಓಡಿದ್ದೂ ಅದೇ 1489 ಸಿಸಿ ಬಿ ಸೀರೀಸ್ ಪೆಟ್ರೋಲ್ ಇಂಜಿನ್ನಿನ ಮೇಲೆ. ಸ್ವಾತಂತ್ರ್ಯದ ನಂತರ ನಮ್ಮಲ್ಲಿ ಕಾರು ಆಮದಿಗೆ ಬಿಗಿ ಕಟ್ಟುಪಾಡು ಬಂತು. ಇಲ್ಲಿ ತಯಾರಿಸದ ಕಂಪನಿಗಳು ಐವತ್ತರ ದಶಕದಲ್ಲಿ ಅಂಗಡಿ ಮುಚ್ಚಿ ಹೋದವು. ಆಮೇಲೆ ಸ್ಪೋರ್ಟ್ಸ್ ಕಾರು ಬಂದದ್ದು ಹೆಚ್ಚಾಗಿ ರಾಯಭಾರ ಕಚೇರಿಗಳವರ ಜೊತೆ, ಊರಿಗೆ ಮರಳಿದ ಶ್ರೀಮಂತರ ಜೊತೆ. ಅವುಗಳ ಬಿಡಿಭಾಗ ಬರಲಿಲ್ಲ. ಅಂಬಾಸಡರ್, ಹೆರಾಲ್ಡ್, ಜೀಪುಗಳ ಭಾಗಗಳನ್ನು ಹೊಂದಿಸಿ ಅವನ್ನು ಉಳಿಸಿದವರು ಇಂಥ ತಗಡಿನ ಚಪ್ಪರದವರು. ಈ ಮಾತನ್ನು ಕಾರು ಪ್ರದರ್ಶನಗಳಲ್ಲಿ ಯಾರೂ ಹೇಳುವುದಿಲ್ಲ. ಬಹುಮಾನದ ಕಪ್ಪು ಯಜಮಾನರಿಗೆ ಹೋಗುತ್ತದೆ, ಮೇಸ್ತ್ರಿಯ ಹೆಸರು ಫಲಕದ ಮೇಲೆ ಬರುವುದಿಲ್ಲ.

ಜಾಕಿಯ ಮೇಲಿದ್ದ ಮುಂದಿನ ಚಕ್ರದ ಹಿಂದೆ ಮೇಸ್ತ್ರಿ ಟಾರ್ಚು ಹಿಡಿದು ತೋರಿಸಿದರು. ಚಕ್ರವನ್ನು ಹೊತ್ತ ನಿಲುವು ಕಂಬಿಯ ಕೆಳ ತುದಿ ತಿರುಪಿನಂತಿದ್ದು, ಒಂದು ಹಿತ್ತಾಳೆ ಬಣ್ಣದ ಗಟ್ಟಿಯೊಳಗೆ ಕೂತಿರುತ್ತದೆ. ಅದರ ಹೆಸರು ಟ್ರನಿಯನ್. ಸ್ಟೇರಿಂಗ್ ತಿರುಗಿಸಿದಾಗಲೆಲ್ಲ ಆ ತಿರುಪು ಗಟ್ಟಿಯೊಳಗೆ ತಿರುಗುತ್ತದೆ. ಹೆರಾಲ್ಡಿಗೂ ಇದೇ. ಈ ಕಾರುಗಳ ಆಯುಸ್ಸು ನಿಂತಿರುವುದು ಇಲ್ಲಿ. ನೋಡಿದ ತಕ್ಷಣ ಯಾರಿಗಾದರೂ ಗ್ರೀಸ್ ತುಂಬಬೇಕು ಅನ್ನಿಸುತ್ತದೆ. ಕಂಪನಿಯ ಸೂಚನೆ ಬೇರೆ: ಗ್ರೀಸ್ ಅಲ್ಲ, 90 ನಂಬರಿನ ಗೇರ್ ಆಯಿಲ್. ಗ್ರೀಸ್ ಆ ಸಣ್ಣ ಎಳೆಗಳ ತುದಿಯವರೆಗೆ ಇಳಿಯುವುದಿಲ್ಲ. ಕಾಲಕ್ರಮೇಣ ಗಟ್ಟಿಯಾಗಿ ದಾರಿ ಕಟ್ಟುತ್ತದೆ. ನೀರು ಒಳಗೆ ಸೇರಿ ಉಕ್ಕಿನ ಕಂಬಿ ತುಕ್ಕು ಹಿಡಿಯುತ್ತದೆ. ಒಂದು ದಿನ ತಿರುವಿನಲ್ಲಿ ಕಂಬಿ ಮುರಿದು ಚಕ್ರ ಮಡ್‌ಗಾರ್ಡಿನೊಳಕ್ಕೆ ಮಡಚಿಕೊಳ್ಳುತ್ತದೆ.

"ಗ್ರೀಸ್ ಹಾಕ್ಬ್ಯಾಡಿ ಅಂತ ನಮ್ ಗುರುಗಳು ಬಾಯ್ ಬಡ್ಕೊಳ್ಳೋರು. ಎಷ್ಟೋ ಹೆರಾಲ್ಡು ಹಿಂಗೇ ಮಂಡಿ ಊರ್ಬುಟ್ವು" ಎನ್ನುತ್ತ ಮೇಸ್ತ್ರಿ ಗ್ರೀಸ್ ಗನ್ನಿಗೇ ಗೇರ್ ಆಯಿಲ್ ತುಂಬಿದರು. ಹುಡುಗನೊಬ್ಬ ಒಳಗೆ ಕುಳಿತು ಸ್ಟೇರಿಂಗನ್ನು ಎಡಕ್ಕೆ ತುದಿವರೆಗೆ, ಬಲಕ್ಕೆ ತುದಿವರೆಗೆ ತಿರುಗಿಸುತ್ತಿದ್ದ. ಹಳೆಯ ಕಪ್ಪು ಎಣ್ಣೆ ಹೊರಬಂದು, ಅದರ ಹಿಂದೆ ಹೊಸದು ಕಾಣುವವರೆಗೆ ಗನ್ ಒತ್ತಿದರು. 10,000 ಕಿ.ಮೀ.ಗೊಮ್ಮೆ ಮಾಡಬೇಕಾದ ಕೆಲಸವನ್ನು ಗೆಳೆಯರು ವರ್ಷಕ್ಕೊಮ್ಮೆ, ಮಳೆಗೆ ಮುಂಚೆ ತಪ್ಪದೆ ಮಾಡಿಸುತ್ತಾರೆ. ಖರ್ಚು ಒಂದು ಲೋಟದಷ್ಟು ಎಣ್ಣೆಯದು. ಬಿಟ್ಟರೆ ಜೀವಕ್ಕೇ ಅಪಾಯ.

ಎರಡನೆಯ ಪರೀಕ್ಷೆಗೆ ಇಬ್ಬರು ಬೇಕು. ಒಬ್ಬರು ಕ್ಲಚ್ ಒತ್ತಿ ಬಿಡಬೇಕು, ಇನ್ನೊಬ್ಬರು ಮುಂದಿನ ಪುಲ್ಲಿಯನ್ನು ಕಣ್ಣಿಟ್ಟು ನೋಡಬೇಕು. ಪುಲ್ಲಿ ಹಿಂದೆ ಮುಂದೆ ಸರಿದರೆ ಕ್ರ್ಯಾಂಕಿನ ಥ್ರಸ್ಟ್ ವಾಷರು ಸವೆದಿದೆ ಎಂದರ್ಥ. ಅರ್ಧಚಂದ್ರದಾಕಾರದ ಎರಡು ಚೂರುಗಳು ಅವು. ಕ್ಲಚ್ ಒತ್ತಿದಾಗ ಬೀಳುವ ಒತ್ತಡವನ್ನೆಲ್ಲ ಹೊರುವವು. ಸರಿದಾಟ ಮಿಲಿಮೀಟರಿನ ಐದನೇ ಒಂದು ಭಾಗ ದಾಟಬಾರದು. ದಾಟಿದ ಮೇಲೂ ಓಡಿಸಿದರೆ ವಾಷರು ಕಳಚಿ ಕೆಳಗಿನ ಎಣ್ಣೆ ತೊಟ್ಟಿಗೆ ಬೀಳುತ್ತದೆ. ಆಮೇಲೆ ಕ್ರ್ಯಾಂಕು ಇಂಜಿನ್ನಿನ ಬ್ಲಾಕನ್ನೇ ಉಜ್ಜುತ್ತದೆ. ಬ್ಲಾಕು ಹೋದರೆ ಇಂಜಿನ್ ಹೋದ ಹಾಗೆ. ಆದ್ದರಿಂದ ಸಿಗ್ನಲ್ಲಿನಲ್ಲಿ, ಗೇಟಿನಲ್ಲಿ ಕ್ಲಚ್ ಒತ್ತಿಕೊಂಡು ಕೂರಬಾರದು, ನ್ಯೂಟ್ರಲ್ಲಿಗೆ ಹಾಕಿ ಕಾಲು ತೆಗೆಯಬೇಕು. ಈ ಕಾರು ಕೊಳ್ಳುವ ಆಸೆಯಿರುವವರು ಬಣ್ಣ, ಹೊಳಪು ನೋಡುವ ಮೊದಲು ಈ ಪುಲ್ಲಿಯನ್ನು ನೋಡಲಿ.

ಕಾರ್ಬೊರೇಟರುಗಳ ಕೆಲಸ ನೋಡುವುದಕ್ಕೆ ಮಾತ್ರವಲ್ಲ, ಕೇಳುವುದಕ್ಕೂ ಚೆಂದ. ಎಸ್‌ಯು ಕಾರ್ಬೊರೇಟರಿನೊಳಗೆ ಒಂದು ಪಿಸ್ಟನ್ನು, ಅದಕ್ಕೆ ಅಂಟಿಕೊಂಡ ಒಂದು ಮೊನಚು ಸೂಜಿ. ಇಂಜಿನ್ ಗಾಳಿ ಎಳೆದಷ್ಟೂ ಪಿಸ್ಟನ್ ಏಳುತ್ತದೆ, ಸೂಜಿ ಎದ್ದಷ್ಟೂ ಪೆಟ್ರೋಲ್ ಹರಿಯುತ್ತದೆ. ಮೇಲಿನ ಗುಮ್ಮಟದ ಮುಚ್ಚಳ ತಿರುಗಿಸಿ ತೆಳು ಎಣ್ಣೆ ಹಾಕಿರಬೇಕು. ಅದಿಲ್ಲದಿದ್ದರೆ ಪಿಸ್ಟನ್ ಸರಕ್ಕನೆ ಎದ್ದು, ಆಕ್ಸಿಲರೇಟರ್ ಒತ್ತಿದಾಗ ಇಂಜಿನ್ ಒಂದು ಕ್ಷಣ ಉಸಿರು ಕಟ್ಟಿದಂತಾಗುತ್ತದೆ. ಎರಡು ಕಾರ್ಬೊರೇಟರುಗಳೂ ಸಮನಾಗಿ ಗಾಳಿ ಎಳೆಯಬೇಕು. ಅದನ್ನು ಅಳೆಯುವ ಮೀಟರುಗಳಿವೆ. ಮೇಸ್ತ್ರಿ ಬಳಸಿದ್ದು ಒಂದು ಮೊಳ ರಬ್ಬರ್ ಪೈಪು. ಒಂದು ತುದಿ ಕಿವಿಯಲ್ಲಿ, ಇನ್ನೊಂದು ಕಾರ್ಬೊರೇಟರಿನ ಬಾಯಲ್ಲಿ. ಮೊದಲನೆಯದರ ಸುಯ್ಲು ಕೇಳಿ, ಎರಡನೆಯದರ ಸುಯ್ಲು ಕೇಳಿ, ಸ್ಕ್ರೂ ಕಾಲು ಸುತ್ತು ತಿರುಗಿಸಿ ಮತ್ತೆ ಕೇಳಿದರು. ಎರಡೂ ಒಂದೇ ಶ್ರುತಿಗೆ ಬಂದಾಗ ಕಾರಿನ ನಡುಕ ನಿಂತದ್ದು ಬಾಗಿಲ ಮೇಲೆ ಕೈಯಿಟ್ಟಿದ್ದ ನನಗೂ ತಿಳಿಯಿತು.

ಬ್ಯಾಟರಿಯ ಪಕ್ಕ ಕನ್ನಡದಲ್ಲಿ ಬರೆದ ಒಂದು ಚೀಟಿ ಅಂಟಿಸಿದೆ: "ಪ್ಲಸ್ ಅರ್ತ್. ತಿರುಗಿಸಬೇಡಿ." ಆ ಕಾಲದ ಬ್ರಿಟಿಷ್ ಕಾರುಗಳಲ್ಲಿ ಬ್ಯಾಟರಿಯ ಪ್ಲಸ್ ತುದಿ ಕಾರಿನ ಮೈಗೆ ಸೇರಿರುತ್ತದೆ, ಇವತ್ತಿನದಕ್ಕೆ ತದ್ವಿರುದ್ಧ. ಸ್ಪಿಟ್‌ಫೈರಿನಲ್ಲಿ 1967ರ ಮಾರ್ಕ್ 3 ಬಂದ ಮೇಲೆ ಇದು ಬದಲಾಯಿತು. ಹಿಂದೆ ಬೇರೊಂದು ಊರಿನಲ್ಲಿ ಯಾರೋ ಹೊಸ ಬ್ಯಾಟರಿಯನ್ನು ಅಭ್ಯಾಸಬಲದಿಂದ ತಿರುಗಿಸಿ ಕೂರಿಸಿ ಡೈನಮೊ ಕೆಡಿಸಿದ್ದರಂತೆ. ಅಂದಿನಿಂದ ಈ ಚೀಟಿ. ಹಳೆ ಕಾರು ಇಟ್ಟವರೆಲ್ಲ ಇಂಥ ಚೀಟಿಗಳನ್ನು ಬರೆದು ಅಂಟಿಸಬೇಕು. ನಾವು ಜೊತೆಗಿಲ್ಲದಾಗಲೂ ಕಾರನ್ನು ಇನ್ನೊಬ್ಬರು ಮುಟ್ಟುತ್ತಾರೆ.

ಸ್ಪ್ಯಾನರಿನ ಮಾತೂ ಹೇಳಿಬಿಡಬೇಕು. ಈ ಕಾರಿನ ನಟ್ಟು ಬೋಲ್ಟುಗಳೆಲ್ಲ ಇಂಚಿನ ಅಳತೆಯವು. ಅರ್ಧ ಇಂಚಿನದಕ್ಕೆ 13 ನಂಬರಿನ ಸ್ಪ್ಯಾನರ್ ಹಾಕಿ ಹೇಗೋ ಬಿಚ್ಚಬಹುದು, ಆದರೆ ಸಡಿಲ. ಹತ್ತು ಸಲ ಹಾಗೆ ಬಿಚ್ಚಿದರೆ ಮೂಲೆಗಳು ಉರುಟಾಗಿ ಯಾವ ಸ್ಪ್ಯಾನರೂ ಹಿಡಿಯುವುದಿಲ್ಲ. ಮೇಸ್ತ್ರಿಯ ಗೋಡೆಯ ಮೇಲೆ ಇಂಚಿನ ಸ್ಪ್ಯಾನರುಗಳ ಒಂದು ಸಾಲು ಬೇರೆಯೇ ತೂಗುತ್ತಿದೆ. ಹುಡುಗನಿಗೆ ಅದನ್ನು ಟ್ರ್ಯಾಕ್ಟರಿನ ಕೆಲಸಕ್ಕೆ ಮುಟ್ಟುವ ಅನುಮತಿಯಿಲ್ಲ.

ವರ್ಕ್‌ಶಾಪಿನಿಂದ ಹೊರಬಂದು ಸುತ್ತಲ ಬೀದಿಗಳಲ್ಲಿ ನಡೆದರೆ, ಈ ಕಾರಿಗೆ ಬೇಕಾದ ಉಳಿದ ಕೈಗಳೂ ಕಾಣಸಿಗುತ್ತವೆ. ಜಿಲ್ಲೆಯ ಕರಿಕಲ್ಲಿಗೆ ಹೊರದೇಶಗಳಲ್ಲೂ ಹೆಸರಿದೆ. ಕ್ವಾರಿಗಳ ಕಂಪ್ರೆಸರ್, ಡ್ರಿಲ್ಲು, ಕತ್ತರಿಸುವ ಯಂತ್ರಗಳು ಸದಾ ಸವೆಯುತ್ತಿರುತ್ತವೆ, ಆದ್ದರಿಂದ ಇಲ್ಲಿ ಲೇತಿನ ಕೆಲಸಕ್ಕೆ ಬಿಡುವಿಲ್ಲ. ಸವೆದ ಬುಷ್ ಒಂದನ್ನು ಕೊಟ್ಟರೆ ಅಳೆದು, ಗನ್‌ಮೆಟಲ್ ಸರಳಿನಿಂದ ಹೊಸದನ್ನು ಕಡೆದು ಕೊಡುತ್ತಾರೆ. ರೇಡಿಯೇಟರ್ ಅಂಗಡಿಯವರು ತಾಮ್ರ ಹಿತ್ತಾಳೆಯ ಹಳೆ ರೇಡಿಯೇಟರನ್ನು ಬಿಚ್ಚಿ, ಕೊಳೆ ಕುಟ್ಟಿ ತೆಗೆದು, ಹೊಸ ಕೋರ್ ಕೂರಿಸಿ ಬೆಸುಗೆ ಹಾಕುತ್ತಾರೆ. ಇವತ್ತಿನ ಅಲ್ಯೂಮಿನಿಯಂ ರೇಡಿಯೇಟರುಗಳನ್ನು ಬಿಸಾಡಿ ಹೊಸದು ಹಾಕುವುದೇ ರೂಢಿ. ತಾಮ್ರದ್ದನ್ನು ಎಷ್ಟು ಸಲ ಬೇಕಾದರೂ ರಿಪೇರಿ ಮಾಡಬಹುದು. ಆಟೊಗಳಿಗೆ ಟಾಪು ಹೊಲಿಯುವ ಕುಶನ್ ಅಂಗಡಿಯಲ್ಲಿ ಸ್ಪಿಟ್‌ಫೈರಿನ ಟಾಪಿನ ಹಳೆ ಬಟ್ಟೆಯನ್ನು ಹೊಲಿಗೆ ಬಿಚ್ಚಿ ನೆಲದ ಮೇಲೆ ಹರಡಿ, ಅದರ ಮೇಲೆ ಹೊಸ ರೆಕ್ಸಿನ್ ಇಟ್ಟು ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದರು. ಹೊಲಿಯುವವರಿಗೆ ಕಾರಿನ ಹೆಸರು ಗೊತ್ತಿರಲಿಲ್ಲ. ಮಳೆನೀರು ಯಾವ ಹೊಲಿಗೆಯಿಂದ ಒಳಗೆ ಬರುತ್ತದೆ ಎಂದು ಬೆರಳಿಟ್ಟು ತೋರಿಸಿದರು.

ಟಿಂಕರಿಂಗ್ ಮಾಡುವವರ ಮಾತಿಗೆ ಹೆಚ್ಚು ಕಿವಿಗೊಡಬೇಕು. ಸ್ಪಿಟ್‌ಫೈರಿನ ಚಾಸಿಗೆ ಅಕ್ಕಪಕ್ಕದ ತೊಲೆಗಳಿಲ್ಲ, ನಡುವೆ ಬೆನ್ನೆಲುಬು ಮಾತ್ರ. ಬಾಗಿಲ ಕೆಳಗಿನ ತಗಡಿನ ಪೆಟ್ಟಿಗೆಗಳೇ ಕಾರಿನ ಬಲ. ಅವು ತುಕ್ಕು ಹಿಡಿದರೆ ಕಾರು ನಡುವಿನಲ್ಲಿ ಕುಸಿದು ಬಾಗಿಲು ಮುಚ್ಚಲು ಬಾರದಂತಾಗುತ್ತದೆ. ತುಕ್ಕಿನ ಮೇಲೆ ಪುಟ್ಟಿ ಬಳಿದು ಬಣ್ಣ ಹೊಡೆದು ಮಾರುವವರು ಎಲ್ಲ ಕಡೆ ಇದ್ದಾರೆ. ಬೆರಳ ಗೆಣ್ಣಿನಿಂದ ಬಡಿದು ಸದ್ದು ಕೇಳಬೇಕು, ಅಯಸ್ಕಾಂತ ಅಂಟುತ್ತದೆಯೇ ನೋಡಬೇಕು. ಈ ವಿಷಯದಲ್ಲಿ ಚಾಮರಾಜನಗರದ ಹವೆ ಕಾರಿನ ಪರ. ಮಳೆ ನೆರಳಿನ ಒಣನಾಡು ಇದು. ಇದೇ ಕಾರನ್ನು ವಯನಾಡಿನಲ್ಲೋ ಮಡಿಕೇರಿಯಲ್ಲೋ ಇಟ್ಟಿದ್ದರೆ ತಗಡು ಇಷ್ಟು ಉಳಿಯುತ್ತಿರಲಿಲ್ಲ. ಇಲ್ಲಿನ ಶತ್ರು ಬೇರೆ: ಇಲಿ. ಸುಗ್ಗಿ ಮುಗಿದ ಮೇಲೆ ಹೊಲದಿಂದ ಶೆಡ್ಡಿಗೆ ಬರುವ ಇಲಿಗಳು ಹಳೆ ವೈರುಗಳನ್ನು ಕಡಿದು ಹಾಕುತ್ತವೆ. ತಿಂಗಳುಗಟ್ಟಲೆ ನಿಲ್ಲಿಸದೆ, ಆಗಾಗ ಓಡಿಸುವುದೇ ಅದಕ್ಕೆ ಒಳ್ಳೆಯ ಮದ್ದು.

ಹೊರಟೆವು. ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಸುಮಾರು 35 ಕಿ.ಮೀ. ಸೀಟು ನೆಲಕ್ಕೆ ಎಷ್ಟು ಹತ್ತಿರವೆಂದರೆ ಬಾಗಿಲ ಮೇಲಿಂದ ಕೈ ಇಳಿಬಿಟ್ಟರೆ ರಸ್ತೆ ಸಿಗುವಂತಿರುತ್ತದೆ. ಕಾರಿನ ತೂಕ 700 ಕೆಜಿಯ ಆಸುಪಾಸು, ಶಕ್ತಿ 67 ಅಶ್ವಶಕ್ತಿ. ಇವತ್ತಿನ ಸಣ್ಣ ಕಾರೊಂದು ಸುಲಭವಾಗಿ ನಮ್ಮನ್ನು ದಾಟಿ ಹೋಗುತ್ತದೆ, ಹೋಯಿತು ಕೂಡ. ಈ ಕಾರಿನ ಸುಖ ವೇಗದ್ದಲ್ಲ. ಎಂಬತ್ತರ ವೇಗದಲ್ಲಿ ಹೋಗುತ್ತಿದ್ದರೂ ಚಕ್ರದ ಕೆಳಗಿನ ಪ್ರತಿ ಕಲ್ಲು ಸ್ಟೇರಿಂಗಿನ ಮೂಲಕ ಅಂಗೈಗೆ ತಿಳಿಯುತ್ತದೆ. ಎರಡೂ ಕಡೆಯ ಹೊಲದ ವಾಸನೆ, ಹೊಸ ಮಣ್ಣಿನದು, ಈರುಳ್ಳಿಯದು, ಅರಿಶಿನ ಎಲೆಯದು, ಒಂದೊಂದೂ ಬಿಡಿಬಿಡಿಯಾಗಿ ಬರುತ್ತದೆ. ಗಾಜು ಏರಿಸಿ ಏಸಿ ಹಾಕಿಕೊಂಡು ಇದೇ ದಾರಿಯಲ್ಲಿ ಹೋದಾಗ ನನಗೆ ಇದ್ಯಾವುದೂ ಸಿಕ್ಕಿರಲಿಲ್ಲ.

ತೆರಕಣಾಂಬಿಯಲ್ಲಿ ಇಳಿದೆವು. ಉಮ್ಮತ್ತೂರು, ವಿಜಯನಗರದ ಕಾಲದಿಂದ ಹೆಸರಾದ ಊರು, ಹಳೆಯ ಗುಡಿಗಳಿವೆ. ನಿಲ್ಲಿಸಿದ್ದು ಗುಡಿಗಾಗಿ ಅಷ್ಟೇ ಅಲ್ಲ, ಇಂಜಿನ್ನಿನ ಬಿಸಿಗಾಗಿಯೂ. ಬೇಸಿಗೆಯ ಮಧ್ಯಾಹ್ನ ಈ ಬಯಲಿನಲ್ಲಿ ಓಡಿಸಿ ನಿಲ್ಲಿಸಿದರೆ, ಬಾನೆಟ್ಟಿನೊಳಗಿನ ಶಾಖಕ್ಕೆ ಪೈಪಿನಲ್ಲಿನ ಪೆಟ್ರೋಲ್ ಆವಿಯಾಗಿ ಕಾರು ಮತ್ತೆ ಸ್ಟಾರ್ಟ್ ಆಗುವುದಿಲ್ಲ. ಅಂಬಾಸಡರ್ ಓಡಿಸಿದ ಟ್ಯಾಕ್ಸಿ ಡ್ರೈವರುಗಳಿಗೆ ಇದರ ಉಪಾಯ ಗೊತ್ತು: ಪೆಟ್ರೋಲ್ ಪಂಪಿನ ಮೇಲೆ ಒದ್ದೆ ಬಟ್ಟೆ. ಗೆಳೆಯರ ಕಾರಿನಲ್ಲಿ ಅದಕ್ಕೆಂದೇ ಒಂದು ಹಳೆ ಟವೆಲ್ಲು, ಒಂದು ಬಾಟಲಿ ನೀರು ಇರುತ್ತವೆ. ಬಾನೆಟ್ಟು ಮಗುಚಿ ಇಟ್ಟದ್ದೇ ತಡ, ಬಸ್ ನಿಲ್ದಾಣದಲ್ಲಿದ್ದ ಶಾಲೆ ಮಕ್ಕಳು ಸುತ್ತುವರಿದರು. "ಇದ್ರ ಮೂತಿ ಯಾಕಣ್ಣ ಉಲ್ಟಾ ತೆಗೀತದ?" ಎಂದು ಒಬ್ಬಳು ಕೇಳಿದಳು. ಗೆಳೆಯರು ಅವಳನ್ನು ಹತ್ತಿರ ಕರೆದು ರೇಡಿಯೇಟರ್ ಎಲ್ಲಿ, ನೀರು ಎಲ್ಲಿ ಹೋಗುತ್ತದೆ, ಫ್ಯಾನು ಏಕೆ ತಿರುಗುತ್ತದೆ ಎಂದು ಒಂದೊಂದೇ ತೋರಿಸಿದರು. ಹೊಸ ಕಾರಿನ ಬಾನೆಟ್ಟು ತೆಗೆದರೆ ಕಪ್ಪು ಪ್ಲಾಸ್ಟಿಕ್ ಮುಚ್ಚಳ ಮಾತ್ರ ಕಾಣುತ್ತದೆ. ಇಲ್ಲಿ ಪ್ರತಿಯೊಂದು ಕೆಲಸವೂ ಕಣ್ಣಿಗೆ ಕಾಣುತ್ತದೆ. ಐಟಿಐಗಳಲ್ಲಿ ಮೆಕ್ಯಾನಿಕ್ ಪಾಠ ಹೇಳಲು ಇದಕ್ಕಿಂತ ಒಳ್ಳೆಯ ಕಾರು ಇಲ್ಲವೆಂದೇ ನನ್ನ ನಂಬಿಕೆ.

ಗುಂಡ್ಲುಪೇಟೆ ಹತ್ತಿರವಾದಂತೆ ಚೆಂಡುಹೂವಿನ ಹೊಲಗಳು. ಬಣ್ಣ ತೆಗೆಯುವ ಕಾರ್ಖಾನೆಗಳಿಗಾಗಿ ಬೆಳೆಯುವ ಹೂವು ಇದು. ಓಣಂಗೆ ಮುಂಚಿನ ವಾರಗಳಲ್ಲಿ ಕೇರಳದಿಂದ ಬಂದವರು ಈ ಹೊಲಗಳ ಅಂಚಿನಲ್ಲಿ ಫೋಟೋಗೆ ಸಾಲು ನಿಲ್ಲುತ್ತಾರೆ. ಊರಿನ ನಿಜವಾದ ವ್ಯವಹಾರ ಇರುವುದು ದಾರಿಗಳ ಕೂಡಲಿನಲ್ಲಿ. ಮೈಸೂರಿನಿಂದ ಸುಮಾರು 60 ಕಿ.ಮೀ. ಬರುವ ಹೆದ್ದಾರಿ ಇಲ್ಲಿ ಕವಲೊಡೆಯುತ್ತದೆ. 766 ಬಲಕ್ಕೆ ಸುಲ್ತಾನ್ ಬತ್ತೇರಿ, ಕೋಯಿಕ್ಕೋಡಿನ ಕಡೆ ಹೋದರೆ, 181 ಬಂಡೀಪುರ ಹಾಯ್ದು ಊಟಿಗೆ ಹತ್ತುತ್ತದೆ. ಎರಡು ಬೆಟ್ಟನಾಡುಗಳಿಗೆ ಹೋಗುವವರೆಲ್ಲ ಕಾಡು ಸೇರುವ ಮೊದಲು ಪೆಟ್ರೋಲ್, ಗಾಳಿ, ಊಟ ಮುಗಿಸಿಕೊಳ್ಳುವುದು ಈ ಊರಿನಲ್ಲಿ. ಹಾಗಾಗಿ ಪಂಕ್ಚರ್ ಅಂಗಡಿ, ಟೈರ್ ಅಂಗಡಿ, ಬ್ಯಾಟರಿ ಅಂಗಡಿಗಳಿಗೆ ಇಲ್ಲಿ ಬರವಿಲ್ಲ. ಒಂದು ಸಮಾಧಾನದ ಸಂಗತಿ: ಸ್ಪಿಟ್‌ಫೈರಿನದು 13 ಇಂಚಿನ ಚಕ್ರ. ವ್ಯಾಗನ್ ಆರ್ ಕಾರಿಗೆ ಹಾಕುವ 155/80 ಆರ್13 ಅಳತೆಯ ಟೈರು ಇದಕ್ಕೂ ಹೊಂದುತ್ತದೆ. ಲಂಡನ್ನಿನಿಂದ ತರಿಸಬೇಕಿಲ್ಲ, ಗುಂಡ್ಲುಪೇಟೆಯಲ್ಲೇ ಸಿಗುತ್ತದೆ.

ಪೆಟ್ರೋಲಿನ ಬಗ್ಗೆ ಅಷ್ಟು ಸಮಾಧಾನವಿಲ್ಲ. ಈಗ ಬಂಕುಗಳಲ್ಲಿ ಸಿಗುವುದು ನೂರಕ್ಕೆ 20 ಪಾಲು ಎಥನಾಲ್ ಬೆರೆತ ಪೆಟ್ರೋಲ್. ಎಥನಾಲ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ, ಹಳೆಯ ರಬ್ಬರನ್ನು ಮೆತ್ತಗೆ ಮಾಡಿ ಸೀಳುತ್ತದೆ, ಕಾರ್ಕಿನ ಪ್ಯಾಕಿಂಗನ್ನು ಕೆಡಿಸುತ್ತದೆ, ಟ್ಯಾಂಕಿನ ಒಳಗಿನ ಹಳೆ ಕೊಳೆಯನ್ನು ಕರಗಿಸಿ ಕಾರ್ಬೊರೇಟರಿಗೆ ತರುತ್ತದೆ. ಇಂಜಿನ್ನಿನ ಪಕ್ಕದಲ್ಲೇ ಹಾಯುವ ರಬ್ಬರ್ ಪೈಪು ಸೀಳಿದರೆ ಬೆಂಕಿ ಹತ್ತಿದಂತೆಯೇ. ಗೆಳೆಯರು ಎಲ್ಲ ಪೈಪುಗಳನ್ನೂ ಎಥನಾಲ್ ತಡೆಯುವ ಹೊಸ ಬಗೆಯದಕ್ಕೆ ಬದಲಿಸಿದ್ದಾರೆ, ನಡುವೆ ಒಂದು ಫಿಲ್ಟರ್ ಹಾಕಿದ್ದಾರೆ, ಸೀಟಿನ ಹಿಂದೆ ಬೆಂಕಿ ನಂದಿಸುವ ಸಿಲಿಂಡರ್ ಇಟ್ಟಿದ್ದಾರೆ. ಸೀಸದ ಪೆಟ್ರೋಲ್ 2000ದಲ್ಲಿ ನಿಂತಾಗಲೂ ಹಳೆ ಕಾರಿನವರಿಗೆ ಇಂಥದೇ ಪರೀಕ್ಷೆ ಬಂದಿತ್ತು. ಆಗ ಹೆಡ್ ಬಿಚ್ಚಿದಾಗ ವಾಲ್ವಿಗೆ ಗಟ್ಟಿ ಸೀಟುಗಳನ್ನು ಹಾಕಿಸಿಕೊಂಡವರು ಉಳಿದರು. ಹಳೆಯ ಕಾರು ಇಟ್ಟುಕೊಂಡ ಯಾರೇ ಆಗಲಿ, ಬೇರೇನು ಮಾಡದಿದ್ದರೂ ಪೆಟ್ರೋಲ್ ಪೈಪುಗಳನ್ನು ಈ ವರ್ಷವೇ ಬದಲಿಸಲಿ.

ಗುಂಡ್ಲುಪೇಟೆಯಿಂದ ಹಂಗಳದವರೆಗೆ ರಸ್ತೆ ತೆರೆದ ಬಯಲಿನದು. ಬಲಕ್ಕೆ ಹಿಮವದ್ ಗೋಪಾಲಸ್ವಾಮಿ ಬೆಟ್ಟ, 1,454 ಮೀಟರ್ ಎತ್ತರದ್ದು. ಬೆಟ್ಟದ ಮೇಲಕ್ಕೆ ಖಾಸಗಿ ವಾಹನ ಬಿಡುವುದಿಲ್ಲ, ತಪ್ಪಲಲ್ಲಿ ನಿಲ್ಲಿಸಿ ಸಾರಿಗೆ ಸಂಸ್ಥೆಯ ಬಸ್ಸಿನಲ್ಲಿ ಹೋಗಬೇಕು. ಅದು ಸರಿಯಾದ ಕ್ರಮ. ನಾವು ಮೇಲುಕಾಮನಹಳ್ಳಿ ಚೆಕ್‌ಪೋಸ್ಟಿನ ಕಡೆ ಸಾಗಿದೆವು. ಚೆಕ್‌ಪೋಸ್ಟಿಗೆ ಮೊದಲೇ ಟಾಪು ಏರಿಸಿ ಬಿಗಿದೆವು. ತೆರೆದ ಕಾರಿನಲ್ಲಿ ಆನೆ ಹುಲಿಗಳ ಕಾಡು ಹಾಯುವುದು ಹುಚ್ಚು ಸಾಹಸ.

ಕಾಡಿನೊಳಗಿನ ರಸ್ತೆಯಲ್ಲಿ ಹಂಪುಗಳ ಮೇಲೆ ಹಂಪು. ಪ್ರಾಣಿಗಳ ಜೀವ ಉಳಿಸಲು ಹಾಕಿದವು, ಇರಲೇಬೇಕು. ಸ್ಪಿಟ್‌ಫೈರಿನ ಹೊಟ್ಟೆಗೂ ನೆಲಕ್ಕೂ ಇರುವ ಅಂತರ 5 ಇಂಚು ಮಾತ್ರ. ಇಬ್ಬರು ಕುಳಿತರೆ ಅದೂ ತಗ್ಗುತ್ತದೆ. ಪ್ರತಿ ಹಂಪಿನಲ್ಲೂ ಗೆಳೆಯರು ಬಹುತೇಕ ನಿಲ್ಲಿಸಿ, ಕಾರನ್ನು ಓರೆಯಾಗಿ ತಿರುಗಿಸಿ, ಒಂದೊಂದೇ ಚಕ್ರ ಹತ್ತಿಸಿ ಇಳಿಸಿದರು. ಹಿಂದೆ ಬಂದ ವಾಹನಗಳಿಗೆ ಮೊದಲು ದಾರಿ ಬಿಟ್ಟುಕೊಟ್ಟರು. ಸೈಲೆನ್ಸರ್ ಒಮ್ಮೆಯೂ ತಾಗಲಿಲ್ಲ. ತಿರುವುಗಳ ಬಗ್ಗೆ ಇನ್ನೊಂದು ಎಚ್ಚರವಿದೆ. ಈ ಕಾರಿನ ಹಿಂದಿನ ಆಕ್ಸಲ್ ನಡುವಿನಲ್ಲಿ ಮಡಚುವಂಥದ್ದು. ವೇಗವಾಗಿ ತಿರುವಿಗೆ ನುಗ್ಗಿ, ಹೆದರಿ ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಹೊರಬದಿಯ ಹಿಂದಿನ ಚಕ್ರ ಒಳಕ್ಕೆ ಮಡಚಿಕೊಂಡು ಕಾರಿನ ಬಾಲ ಬೀಸುತ್ತದೆ. 1970ರ ನಂತರದ ಮಾದರಿಗಳಲ್ಲಿ ಕಂಪನಿಯೇ ಇದನ್ನು ತಿದ್ದಿತು. ಹಳೆಯದನ್ನು ಇಟ್ಟವರು ದಿಂಬಂನ 27 ತಿರುವುಗಳಲ್ಲಿ, ಕಲ್ಹಟ್ಟಿಯ 36 ತಿರುವುಗಳಲ್ಲಿ ನಿಧಾನವಾಗಿ ಒಳಹೊಕ್ಕು, ಹೊರಬರುವಾಗ ಮಾತ್ರ ಕಾಲು ಒತ್ತಬೇಕು.

ಬಂಡೀಪುರ 1941ರಲ್ಲಿ ವೇಣುಗೋಪಾಲ ವನ್ಯಜೀವಿ ಉದ್ಯಾನವಾಗಿ, 1973ರಲ್ಲಿ ಹುಲಿ ಯೋಜನೆಯ ಕಾಡಾಗಿ ರಕ್ಷಣೆ ಪಡೆದ ಜಾಗ. ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ಇಲ್ಲಿ ನಿರ್ಬಂಧವಿದೆ. ಸ್ಪೋರ್ಟ್ಸ್ ಕಾರಿನವರಲ್ಲಿ ಕೆಲವರಿಗೆ ಸೈಲೆನ್ಸರಿನ ಒಳಭಾಗ ತೆಗೆಸಿ ಗರ್ಜನೆ ಹೊರಡಿಸುವ ಖಯಾಲಿ. ಮೈಸೂರಿನಿಂದ ಊಟಿಗೆ ಅಂಥ ಕಾರುಗಳ ದಂಡು ಹೋಗುವುದನ್ನು ಈ ರಸ್ತೆಯ ಹಳ್ಳಿಗಳವರು ನೋಡುತ್ತಲೇ ಇರುತ್ತಾರೆ. ಅದು ಸಲ್ಲದು. ಈ ಕಾರಿಗೆ ಕಂಪನಿ ಕೊಟ್ಟ ಸೈಲೆನ್ಸರಿನ ದನಿಯೇ ಸೊಗಸಾಗಿದೆ, ಜಿಂಕೆಗಳ ಗುಂಪು ಕತ್ತೆತ್ತಿ ನೋಡಿ ಮತ್ತೆ ಮೇವಿಗೆ ಬಾಯಿ ಹಾಕುವಷ್ಟು ಮೆಲು. ನಿಲ್ಲಿಸದೆ ಸಾಗಿ, ಬಂಡೀಪುರದ ಅರಣ್ಯ ಕಚೇರಿಯ ಬಳಿ ತಿರುಗಿಸಿಕೊಂಡು, ಬಿಸಿಲಿರುವಾಗಲೇ ಗುಂಡ್ಲುಪೇಟೆಗೆ ವಾಪಸಾದೆವು.

ಕಾಗದಪತ್ರದ ವಿಷಯ ಹಲವರು ಕೇಳುತ್ತಾರೆ. ಕೇಂದ್ರ ಸಾರಿಗೆ ಸಚಿವಾಲಯ 2021ರ ಜುಲೈನಲ್ಲಿ ಹಳೆಯ ವಾಹನಗಳಿಗೆ ಪ್ರತ್ಯೇಕ ನಿಯಮ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪ ಬದಲಿಸದ ಕಾರು ಬೈಕುಗಳನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷಕ್ಕೆ ಸಿಂಧು, ಆಮೇಲಿನ ನವೀಕರಣಕ್ಕೆ 5,000 ರೂಪಾಯಿ. ಹೊಸ ಸಂಖ್ಯೆಯಲ್ಲಿ ರಾಜ್ಯದ ಅಕ್ಷರಗಳ ನಂತರ ವಿಎ ಎಂದು ಬರುತ್ತದೆ. ಮೊದಲೇ ನೋಂದಣಿಯಾದ ಗಾಡಿಗಳು ಹಳೆ ನಂಬರನ್ನೇ ಉಳಿಸಿಕೊಳ್ಳಬಹುದು. ಹೀಗೆ ನೋಂದಾಯಿಸಿದ ಕಾರನ್ನು ದಿನನಿತ್ಯದ ಓಡಾಟಕ್ಕೆ, ಬಾಡಿಗೆಗೆ ಬಳಸುವಂತಿಲ್ಲ. ಪ್ರದರ್ಶನ, ರ್‍ಯಾಲಿ, ಸಂಶೋಧನೆ, ರಿಪೇರಿ, ಇಂಧನ ತುಂಬಿಸುವುದಕ್ಕೆ ರಸ್ತೆಗಿಳಿಸಬಹುದು. ಇಂಜಿನ್ ನಂಬರ್, ಚಾಸಿ ನಂಬರ್ ಹಳೆಯ ಆರ್‌ಸಿ ಪುಸ್ತಕದ ಜೊತೆ ಹೊಂದದ ಕಾರನ್ನು ಎಷ್ಟೇ ಅಗ್ಗಕ್ಕೆ ಬಂದರೂ ಕೊಳ್ಳಬೇಡಿ.

ಇಂಥ ಕಾರುಗಳನ್ನು ನೋಡಬೇಕೆನ್ನುವವರಿಗೆ ಈ ಜಿಲ್ಲೆಯಿಂದ ದಾರಿಗಳು ಅನುಕೂಲವಾಗಿವೆ. ಧರ್ಮಸ್ಥಳದ ಧರ್ಮಾಧಿಕಾರಿ ವೀರೇಂದ್ರ ಹೆಗ್ಗಡೆಯವರ ಸಂಗ್ರಹದ ಕಾರುಗಳು ಶ್ರೀರಂಗಪಟ್ಟಣದ ಬಳಿಯ ಪಯಣ ಸಂಗ್ರಹಾಲಯದಲ್ಲಿವೆ. ದಿಂಬಂ ಇಳಿದು ಹೋದರೆ ಕೊಯಮತ್ತೂರಿನಲ್ಲಿ ಜಿ.ಡಿ. ನಾಯ್ಡು ಅವರ ಹೆಸರಿನ ಜೀಡೀ ಕಾರು ಸಂಗ್ರಹಾಲಯವಿದೆ. ಎರಡನ್ನೂ ಮಕ್ಕಳಿಗೆ ತೋರಿಸಬೇಕು. ಆದರೂ ನಿಂತ ಕಾರು ಕಣ್ಣಿಗಷ್ಟೇ ಪಾಠ ಹೇಳುತ್ತದೆ. ಟ್ರನಿಯನ್ನಿಗೆ ಎಣ್ಣೆ ಹಾಕುವ ಕೈ, ರಬ್ಬರ್ ಪೈಪಿನಲ್ಲಿ ಕೇಳುವ ಕಿವಿ ಉಳಿಯಬೇಕಾದರೆ ಕಾರು ಓಡಬೇಕು, ಸವೆಯಬೇಕು, ಮತ್ತೆ ಚಪ್ಪರದಡಿಗೆ ಬರಬೇಕು.

ಚಾಮರಾಜನಗರದ ಆ ಮೇಸ್ತ್ರಿಯ ಬಳಿ ಈಗ ಇರುವ ಹುಡುಗ ಒಬ್ಬನೇ. ಅವನಿಗೂ ಮೈಸೂರಿನ ಶೋರೂಮಿನಿಂದ ಕರೆ ಬಂದಿದೆ. ಹಳೆಯ ಕಾರಿನ ಯಜಮಾನರಲ್ಲಿ ನನ್ನ ಕೋರಿಕೆ ಇಷ್ಟು: ಬಿಡಿಭಾಗಕ್ಕೆಂದು ತೆಗೆದಿಡುವ ಹಣದಲ್ಲಿ ಒಂದು ಪಾಲನ್ನು ಅಂಥ ಹುಡುಗನ ಸಂಬಳಕ್ಕೆ ಸೇರಿಸಿ. ಮೇಸ್ತ್ರಿ ಕೆಲಸ ಮಾಡುವಾಗ ಪಕ್ಕದಲ್ಲಿ ನಿಂತು ಕನ್ನಡದಲ್ಲಿ ಬರೆದಿಟ್ಟುಕೊಳ್ಳಿ, ಫೋನಿನಲ್ಲಿ ಚಿತ್ರೀಕರಿಸಿಕೊಳ್ಳಿ. ಹಳೆ ಮೈಸೂರಿನ ಕಡೆಯ ಓದುಗರಲ್ಲಿ ಇನ್ನೊಂದು ಮಾತು. ನಿಮ್ಮ ತಾತನ ಸ್ಟ್ಯಾಂಡರ್ಡ್ ಕಂಪನಿಯ ಹೆರಾಲ್ಡೋ ಗೆಜಲ್ಲೋ ಕೊಟ್ಟಿಗೆಯ ಮೂಲೆಯಲ್ಲಿ ಹುಲ್ಲಿನಡಿ ಬಿದ್ದಿದ್ದರೆ ತೂಕದ ಲೆಕ್ಕದಲ್ಲಿ ಗುಜರಿಗೆ ಹಾಕಬೇಡಿ. ಆರ್‌ಸಿ ಪುಸ್ತಕ ಹುಡುಕಿಡಿ, ಹತ್ತಿರದ ಹಳೆಯ ಮೇಸ್ತ್ರಿಯೊಬ್ಬರನ್ನು ಕರೆತಂದು ತೋರಿಸಿ. ಅದು ಮತ್ತೆ ಓಡದಿದ್ದರೂ ಅದರ ಮುಂದಿನ ಸಸ್ಪೆನ್ಷನ್ನಿನಿಂದ ಇನ್ನೊಂದು ಕಾರು ಓಡುತ್ತದೆ.